ಒಮೇಗಾ ಸೆಂಟಾರಿಗೆ ಹತ್ತು ಸೆಕೆಂಡು ಸಾಕು

ಪ್ರಶ್ನೆ: ನಮ್ಮ ಮನೆ ಜೋಗದ ಸಮೀಪ, ಅಡಕೆ ತೋಟದ ಅಂಚಿನಲ್ಲಿದೆ. ನನ್ನ ಹತ್ತಿರ ಆರು ಇಂಚು ವ್ಯಾಸದ, 750 ಮಿ.ಮೀ. ನಾಭಿದೂರದ ಕನ್ನಡಿ ಟೆಲಿಸ್ಕೋಪು, ಮೋಟಾರು ಇರುವ ಇಕ್ವಟೋರಿಯಲ್ ಮೌಂಟು, ಹಳೆಯದೊಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಇವೆ. ಗೋಳಾಕಾರದ ನಕ್ಷತ್ರಗುಚ್ಛವನ್ನು ಕಣ್ಣಿಟ್ಟು ನೋಡಿದರೆ ಅಂಚಿನ ಚುಕ್ಕಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಫೋಟೊ ತೆಗೆದರೆ ಮಾತ್ರ ನಡುವೆ ಬರೀ ಬಿಳಿ ಮುದ್ದೆ. ಎರಡು ಮೂರು ನಿಮಿಷ ಎಕ್ಸ್‌ಪೋಷರ್ ಕೊಟ್ಟರೂ ಸುಧಾರಿಸಲಿಲ್ಲ. ಏನು ಮಾಡಬೇಕು? ನಮ್ಮೂರಿನಿಂದ ಯಾವ ಗುಚ್ಛ ಒಳ್ಳೆಯದು?
— ಸಾಗರ ತಾಲ್ಲೂಕಿನ ಓದುಗರೊಬ್ಬರು

ಎರಡು ಮೂರು ನಿಮಿಷ ಕೊಟ್ಟರೂ ಸುಧಾರಿಸಲಿಲ್ಲ ಎಂದಿದ್ದೀರಿ. ಅಷ್ಟು ಕೊಟ್ಟಿದ್ದರಿಂದಲೇ ಕೆಟ್ಟಿದೆ. ಆಕಾಶದ ಫೋಟೊ ತೆಗೆಯುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ನೀಹಾರಿಕೆ ಮತ್ತು ಗೆಲಾಕ್ಸಿಗಳಿಗೆ ಹೇಳಿದವು. ಅವು ಮಸುಕಾಗಿ ಹರಡಿಕೊಂಡವು, ಎಷ್ಟು ಹೊತ್ತು ಬೆಳಕು ಕೂಡಿಹಾಕಿದರೂ ಸಾಲದು. ಗೋಳಗುಚ್ಛದಲ್ಲಿ ಇರುವುದು ಬರೀ ನಕ್ಷತ್ರಗಳು, ಅದೂ ಒತ್ತೊತ್ತಾಗಿ. ಕ್ಯಾಮೆರಾದ ಸಂವೇದಕದಲ್ಲಿ ಪ್ರತಿಯೊಂದು ಪಿಕ್ಸೆಲ್ಲಿಗೂ ಬೆಳಕು ಹಿಡಿಯುವ ಮಿತಿಯೊಂದಿದೆ. ಆ ಮಿತಿ ಮುಟ್ಟಿತೆಂದರೆ ಪಿಕ್ಸೆಲ್ ಅಚ್ಚ ಬಿಳಿಯಾಗುತ್ತದೆ. ಆಮೇಲೆ ಬಂದ ಬೆಳಕಿಗೆ ಲೆಕ್ಕವೂ ಇಲ್ಲ, ಬಣ್ಣವೂ ಇಲ್ಲ. ಇನ್ನೊಂದು ತೊಂದರೆಯೂ ಇದೆ. ವಾತಾವರಣದ ಅಲುಗಾಟದಿಂದ ನಕ್ಷತ್ರದ ಬಿಂದು ಪುಟ್ಟ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಎಕ್ಸ್‌ಪೋಷರ್ ಹೆಚ್ಚಿಸಿದಷ್ಟೂ ಆ ತಟ್ಟೆಯ ಮಸುಕಾದ ಅಂಚು ಸಹ ಬೆಳಗಿ, ತಟ್ಟೆ ಅಗಲವಾಗುತ್ತದೆ. ಗುಚ್ಛದ ನಡುಭಾಗದಲ್ಲಿ ಪಕ್ಕದ ನಕ್ಷತ್ರ ಮೂರು ನಾಲ್ಕು ಆರ್ಕ್‌ಸೆಕೆಂಡ್ ದೂರದಲ್ಲೇ ಇರುವಾಗ (ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಆರ್ಕ್‌ಸೆಕೆಂಡ್) ಈ ತಟ್ಟೆಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ. ನಿಮ್ಮ ಬಿಳಿ ಮುದ್ದೆ ಅದೇ. ಕಣ್ಣಿಗೆ ಈ ಕಷ್ಟವಿಲ್ಲ. ಅದು ಮಸುಕು ಅಂಚನ್ನೂ ಬೆಳಗುವ ನಡುಭಾಗವನ್ನೂ ಒಟ್ಟಿಗೇ ಸಂಭಾಳಿಸುತ್ತದೆ.

ಆದ್ದರಿಂದ ಎಕ್ಸ್‌ಪೋಷರ್ ಕಡಿಮೆ ಮಾಡಿ, ಫೋಟೊಗಳ ಸಂಖ್ಯೆ ಹೆಚ್ಚಿಸಿ. ನಿಮ್ಮ ಟೆಲಿಸ್ಕೋಪು ಎಫ್/5. ಐಎಸ್‌ಒ 800ರಲ್ಲಿ ಹತ್ತರಿಂದ ಹದಿನೈದು ಸೆಕೆಂಡಿನ ಫೋಟೊಗಳು ಸಾಕು, ಆದರೆ ಅಂಥವು ಇನ್ನೂರು ಬೇಕು. ಎಲ್ಲವೂ ರಾ ಫೈಲಿನಲ್ಲಿ. ಹದಿನೈದು ಸೆಕೆಂಡಿನ ಇನ್ನೂರು ಎಂದರೆ ಒಟ್ಟು ಐವತ್ತು ನಿಮಿಷದ ಬೆಳಕು. ನೂರು ಫೋಟೊಗಳನ್ನು ಒಂದರ ಮೇಲೊಂದು ಸೇರಿಸಿ ಸರಾಸರಿ ತೆಗೆದರೆ ಕಾಳುಕಾಳಾದ ಗದ್ದಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ಮಸುಕು ನಕ್ಷತ್ರಗಳು ಹಾಗೆ ಮೇಲೆ ಬರುತ್ತವೆ, ನಡುಭಾಗವೂ ಸುಡುವುದಿಲ್ಲ.

ಈಗ ಯಾವ ಗುಚ್ಛ ಎಂಬ ಪ್ರಶ್ನೆ. ಜೋಗದಲ್ಲಿ ಮನೆಯಿರುವವರು ಒಮೇಗಾ ಸೆಂಟಾರಿಯನ್ನು ಬಿಟ್ಟು ಬೇರೆಯದರ ಹಿಂದೆ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ಯುರೋಪಿನ ಹವ್ಯಾಸಿಗಳು ಹರ್ಕ್ಯುಲಿಸ್ ಪುಂಜದ ಎಂ13 ಅನ್ನು ಹಾಡಿ ಹೊಗಳುತ್ತಾರೆ. ಅವರ ಪೈಕಿ ಹೆಚ್ಚಿನವರಿಗೆ ಒಮೇಗಾ ಸೆಂಟಾರಿ ದಿಗಂತದಿಂದ ಮೇಲೇ ಬರುವುದಿಲ್ಲ. ಅದು ಆಕಾಶ ಸಮಭಾಜಕದಿಂದ ಸುಮಾರು 47.5 ಡಿಗ್ರಿ ದಕ್ಷಿಣಕ್ಕಿದೆ. ದೆಹಲಿಯಲ್ಲಿ ದಿಗಂತದಿಂದ 14 ಡಿಗ್ರಿ ಏರಿ ಮುಳುಗುತ್ತದೆ. ಜೋಗದ ಅಕ್ಷಾಂಶ 14.2 ಡಿಗ್ರಿ, ಹಾಗಾಗಿ ನಿಮ್ಮಲ್ಲಿ 28 ಡಿಗ್ರಿವರೆಗೆ ಏರುತ್ತದೆ. ಕತ್ತಲೆಯಿದ್ದರೆ ಬರಿಗಣ್ಣಿಗೇ ಮಸುಕು ನಕ್ಷತ್ರದಂತೆ ಕಾಣುತ್ತದೆ. ಪ್ರಾಚೀನ ಖಗೋಳಜ್ಞ ಟಾಲೆಮಿ ಅದನ್ನು ನಕ್ಷತ್ರವೆಂದೇ ಪಟ್ಟಿಮಾಡಿದ್ದ. 1603ರಲ್ಲಿ ನಕ್ಷತ್ರಪಟ ರಚಿಸಿದ ಬೇಯರ್ ನಕ್ಷತ್ರಕ್ಕೆ ಕೊಡುವ ಹಾಗೆ ಗ್ರೀಕ್ ಅಕ್ಷರವೊಂದನ್ನು ಕೊಟ್ಟ. ಅದು ನಕ್ಷತ್ರವಲ್ಲ ಎಂದು 1677ರಲ್ಲಿ ಗುರುತಿಸಿದವನು ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿದ್ದ ತರುಣ ಎಡ್ಮಂಡ್ ಹ್ಯಾಲಿ. ಆ ಭಾಗದ ಆಕಾಶಕ್ಕೆ ನಮ್ಮ ಕಡೆಯಿಂದಲೂ ಟೆಲಿಸ್ಕೋಪು ಹಿಡಿದವರಿದ್ದರು: 1689ರಲ್ಲಿ ಪುದುಚೇರಿಯಲ್ಲಿದ್ದ ಜೆಸ್ವಿಟ್ ಪಾದ್ರಿ ರಿಷೋ, ಧೂಮಕೇತುವೊಂದನ್ನು ನೋಡುತ್ತಿದ್ದಾಗ, ಅಲ್ಲೇ ಹತ್ತಿರದ ಆಲ್ಫಾ ಸೆಂಟಾರಿ ಜೋಡಿ ನಕ್ಷತ್ರವೆಂದು ಕಂಡುಕೊಂಡ.

ಹುಡುಕುವುದು ಸುಲಭ. ಚಿತ್ತಾ ನಕ್ಷತ್ರ ನಿಮಗೆ ಗೊತ್ತಿರಲೇಬೇಕು. ಒಮೇಗಾ ಸೆಂಟಾರಿ ಹೆಚ್ಚುಕಡಿಮೆ ಅದರ ನೇರ ಕೆಳಗೆ, 36 ಡಿಗ್ರಿ ದಕ್ಷಿಣಕ್ಕಿದೆ. ಎರಡೂ ಒಂದೇ ಹೊತ್ತಿಗೆ ನೆತ್ತಿಯ ಗೆರೆ ದಾಟುತ್ತವೆ. ಚಿತ್ತಾ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಾಗ ಅಲ್ಲಿಂದ ನೇರ ಕೆಳಗಿಳಿಯಿರಿ. ಕೈ ಚಾಚಿ ಹಿಡಿದ ಮುಷ್ಟಿ ಹತ್ತು ಡಿಗ್ರಿಯೆಂದು ಇಟ್ಟುಕೊಂಡರೆ ಗುಚ್ಛ ದಿಗಂತದಿಂದ ಮೂರು ಮುಷ್ಟಿಗೆ ತುಸು ಕಡಿಮೆ ಎತ್ತರದಲ್ಲಿ ಸಿಗುತ್ತದೆ. ಜೋಗದಿಂದ ಆ ದಿಕ್ಕಿನಲ್ಲಿರುವುದು ಲಿಂಗನಮಕ್ಕಿಯ ಹಿನ್ನೀರು, ಅದರಾಚೆ ಕೊಡಚಾದ್ರಿ. ಕೊಡಚಾದ್ರಿ 1,343 ಮೀಟರ್ ಎತ್ತರವೆಂದು ಹೆದರಬೇಡಿ. ನಲವತ್ತು ಕಿಲೋಮೀಟರ್ ದೂರದಿಂದ ಅದು ಅಡ್ಡಬರುವುದು ಒಂದೆರಡು ಡಿಗ್ರಿಯಷ್ಟೆ. ಸಾಗರದ ಪೇಟೆ ಬೆಳಕು ಆಗ್ನೇಯಕ್ಕೆ ಉಳಿಯುತ್ತದೆ.

ಅಡ್ಡಬರುವುದು ನಿಮ್ಮದೇ ತೋಟ. ಲೆಕ್ಕ ಹಾಕಿ ನೋಡಿ: ಐವತ್ತು ಅಡಿ ಎತ್ತರದ ಅಡಕೆ ಮರ ತೊಂಬತ್ತೈದು ಅಡಿಗಿಂತ ಹತ್ತಿರ, ದಕ್ಷಿಣಕ್ಕೆ ಇದ್ದರೆ ಒಮೇಗಾ ಸೆಂಟಾರಿ ಸೋಗೆಯ ಹಿಂದೆಯೇ ಹುಟ್ಟಿ ಅಲ್ಲೇ ಮುಳುಗುತ್ತದೆ. ಮಲೆನಾಡಿನ ಮನೆಗಳು ಧರೆಯ ಕೆಳಗೆ, ಕಣಿವೆಯ ತೋಟಕ್ಕೆ ಅಂಟಿಕೊಂಡಿರುವುದರಿಂದ ಅಂಗಳದಲ್ಲಿ ಕೆಲಸವಾಗುವುದು ಅಪರೂಪ. ತೆರೆದ ಬ್ಯಾಣ (ಹುಲ್ಲುಬಯಲು), ಗುಡ್ಡದ ನೆತ್ತಿ, ಇಲ್ಲವೇ ದಕ್ಷಿಣಕ್ಕೆ ನೀರು ಕಾಣುವ ಹಿನ್ನೀರಿನ ದಂಡೆ ಹುಡುಕಿಕೊಳ್ಳಿ. ದಂಡೆಯಲ್ಲಿ ನಸುಕಿನ ಮಂಜು ಬೇಗ ಮೇಲೇಳುತ್ತದೆ. ನನ್ನನ್ನು ಕೇಳಿದರೆ ಬ್ಯಾಣವೇ ವಾಸಿ. ಕೊಡಚಾದ್ರಿ ತುದಿಗೇ ಹೋಗಿ ಬೀಡುಬಿಡುವ ಆಸೆ ಬೇಡ, ಅದು ಅರಣ್ಯ ಇಲಾಖೆಯ ಹದ್ದಿನ ಜಾಗ. ಮನೆಯ ಬ್ಯಾಣದಿಂದ ಕಾಣುವ ಗುಚ್ಛವೇನೂ ಕಡಿಮೆಯದಲ್ಲ.

ಯಾವಾಗ? ನಮ್ಮ ಪಂಚಾಂಗವೇ ಇಲ್ಲಿ ಅನುಕೂಲ ಮಾಡಿಕೊಟ್ಟಿದೆ. ಶಿವರಾತ್ರಿ ಬಹುಳ ಚತುರ್ದಶಿಯಂದು ಬರುತ್ತದೆ, ಯುಗಾದಿ ಅಮಾವಾಸ್ಯೆಯ ಮರುದಿನ. ಎರಡರ ಆಸುಪಾಸಿನಲ್ಲೂ ಚಂದ್ರನ ಕಾಟವಿಲ್ಲ. ಶಿವರಾತ್ರಿ ಫೆಬ್ರವರಿ ನಡುವಿಗೆ ಬಂದರೆ ಗುಚ್ಛ ದಕ್ಷಿಣಕ್ಕೆ ಬರುವುದು ಬೆಳಗಿನ ಜಾವ ನಾಲ್ಕೂ ಕಾಲರ ಸುಮಾರಿಗೆ, ಮಾರ್ಚ್ ಮೊದಲ ವಾರವಾದರೆ ಮೂರಕ್ಕೆ. ಜಾಗರಣೆಗೆ ಒಂದು ನೆಪವೂ ಆಯಿತು. ಏಪ್ರಿಲ್ ಒಂದರಂದು ಅದು ರಾತ್ರಿ ಒಂದೂ ಕಾಲು ದಾಟಿ, ಮೇ ಒಂದರಂದು ಹನ್ನೊಂದೂ ಕಾಲು ದಾಟಿ ದಕ್ಷಿಣಕ್ಕೆ ಬರುತ್ತದೆ. ಆ ಗಳಿಗೆಯ ಹಿಂದೆ ಒಂದೂವರೆ ತಾಸು, ಮುಂದೆ ಒಂದೂವರೆ ತಾಸು ಅದು 25 ಡಿಗ್ರಿಗಿಂತ ಮೇಲಿರುತ್ತದೆ. ಆ ಮೂರು ತಾಸು ನಿಮ್ಮ ಕೆಲಸದ ಹೊತ್ತು. ಮೇ ತಿಂಗಳಲ್ಲಿ ನಿದ್ದೆ ಕೆಡದೆ ಸಿಗುವುದೇನೋ ಹೌದು, ಆದರೆ ಸಂಜೆಯಾಗುತ್ತಲೇ ಮುಂಗಾರುಪೂರ್ವ ಮೋಡ ಕಟ್ಟುತ್ತದೆ, ಅದರ ಜೊತೆಗೆ ಬೇಸಿಗೆಯ ಹೊಗೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ಅವಧಿಯೇ ಸರಿ.

ಇನ್ನು ಮೌಂಟು. ಈ ವಿಷಯದಲ್ಲಿ ಹೊರದೇಶದ ಪುಸ್ತಕಗಳು ನಿಮಗೆ ನೆರವಾಗುವುದಿಲ್ಲ; ಅವು 40, 50 ಡಿಗ್ರಿ ಅಕ್ಷಾಂಶದವರಿಗೆ ಬರೆದವು. ಇಕ್ವಟೋರಿಯಲ್ ಮೌಂಟಿನ ಅಕ್ಷ ಧ್ರುವದ ಕಡೆಗೆ ತಿರುಗಿರಬೇಕು. ಜೋಗದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲಿರುವುದರಿಂದ ಕಾನಿನ ಮರ, ಗುಡ್ಡ, ಮಬ್ಬು ಇವುಗಳಲ್ಲಿ ಒಂದಾದರೂ ಅದನ್ನು ಮುಚ್ಚಿರುತ್ತದೆ. ಅಷ್ಟೇ ಅಲ್ಲ, ಕೆಲವು ಮೌಂಟುಗಳು 14 ಡಿಗ್ರಿಯಷ್ಟು ಕೆಳಗೆ ಬಾಗುವುದೇ ಇಲ್ಲ. ಬಾಗಿದರೂ ತೂಕದ ಬಿಲ್ಲೆ ತೂಗುವ ಸರಳು ಸ್ಟ್ಯಾಂಡಿನ ಕಾಲಿಗೆ ತಾಗುತ್ತದೆ. ತಾಗಿದರೆ, ಸ್ಟ್ಯಾಂಡನ್ನು ತಿರುಗಿಸಿ, ಸರಳು ಎರಡು ಕಾಲುಗಳ ನಡುವಿನ ಸಂದಿಗೆ ಬರುವಂತೆ ಇಡಿ. ಸಾಕಷ್ಟು ಬಾಗದಿದ್ದರೆ ದಕ್ಷಿಣದ ಕಡೆಯ ಕಾಲಿನ ಕೆಳಗೆ ಗಟ್ಟಿಮುಟ್ಟಾದ ಮರದ ತುಂಡು ಕೊಟ್ಟು ಇಡೀ ಸ್ಟ್ಯಾಂಡನ್ನೇ ಉತ್ತರಕ್ಕೆ ವಾಲಿಸಿ. ಬೀಳದ ಹಾಗೆ ನೋಡಿಕೊಳ್ಳಿ. ಧ್ರುವ ಕಾಣದಿದ್ದರೆ ಫೋನಿನ ಇಳಿಜಾರು ಅಳೆಯುವ ಆ್ಯಪನ್ನು ಅಕ್ಷದ ಮೇಲಿಟ್ಟು 14.2 ಡಿಗ್ರಿಗೆ ಹೊಂದಿಸಿ. ದಿಕ್ಸೂಚಿಯನ್ನು ಕಬ್ಬಿಣದ ಮೌಂಟಿನಿಂದ ದೂರ ಹಿಡಿದು ಉತ್ತರ ಗುರುತು ಮಾಡಿ. ನಮ್ಮ ಭಾಗದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದು ಡಿಗ್ರಿಯ ಆಸುಪಾಸಿನ ವ್ಯತ್ಯಾಸವಷ್ಟೇ.

ಇಷ್ಟು ಒರಟಾಗಿ ಮಾಡಿದರೆ ನಡೆಯುತ್ತದೆಯೇ? ನಡೆಯುತ್ತದೆ, ಚಿಕ್ಕ ಎಕ್ಸ್‌ಪೋಷರಿನ ಎರಡನೆಯ ಲಾಭವೇ ಇದು. ಅಕ್ಷ ಒಂದು ಡಿಗ್ರಿ ತಪ್ಪಿದ್ದರೂ ನಕ್ಷತ್ರ ಸರಿಯುವುದು ಹೆಚ್ಚೆಂದರೆ ಸೆಕೆಂಡಿಗೆ ಕಾಲು ಆರ್ಕ್‌ಸೆಕೆಂಡ್. ಹತ್ತು ಸೆಕೆಂಡಿಗೆ ಎರಡೂವರೆ. 28 ಡಿಗ್ರಿ ಎತ್ತರದಲ್ಲಿ ವಾತಾವರಣದ ಅಲುಗಾಟವೇ ಅಷ್ಟು ಮಾಡುತ್ತದೆ. ಅದೇ ತಪ್ಪಿನ ಜೊತೆ ಮೂರು ನಿಮಿಷ ಕೊಟ್ಟಿದ್ದರೆ ನಕ್ಷತ್ರಗಳೆಲ್ಲ ಗೆರೆಗಳಾಗುತ್ತಿದ್ದವು. ಇಪ್ಪತ್ತು ಫೋಟೊಗೊಮ್ಮೆ ಕೈ ಗುಂಡಿಯಿಂದ ಟೆಲಿಸ್ಕೋಪನ್ನು ಒಂದಿಷ್ಟು ಅಲ್ಲಾಡಿಸಿ. ಇಲ್ಲದಿದ್ದರೆ ಸಂವೇದಕದ ಕಲೆಗಳು ಕೊನೆಯ ಚಿತ್ರದಲ್ಲಿ ಸಾಲುಗೀರುಗಳಾಗಿ ಉಳಿಯುತ್ತವೆ.

ಫೋಕಸ್ಸಿಗೆ ಎಷ್ಟು ಸಮಯ ಕೊಟ್ಟರೂ ಹೆಚ್ಚಾಗದು. ನೀಹಾರಿಕೆಯಲ್ಲಿ ಫೋಕಸ್ ಕೂದಲೆಳೆಯಷ್ಟು ತಪ್ಪಿದ್ದರೆ ಯಾರಿಗೂ ತಿಳಿಯದು, ಗೋಳಗುಚ್ಛದಲ್ಲಿ ಮುಚ್ಚಿಡಲಾಗದು. ಬಹ್ತಿನೋವ್ ಮಾಸ್ಕ್ ಎಂಬ ಸೀಳುಗಳಿರುವ ತಟ್ಟೆಯನ್ನು ಗಟ್ಟಿ ರಟ್ಟಿನಲ್ಲಿ ನೀವೇ ಕತ್ತರಿಸಿಕೊಳ್ಳಬಹುದು. ಅದನ್ನು ಕೊಳವೆಯ ಬಾಯಿಗೆ ಇಟ್ಟು ಚಿತ್ತಾ ನಕ್ಷತ್ರವನ್ನು ಕ್ಯಾಮೆರಾದ ಲೈವ್ ವ್ಯೂನಲ್ಲಿ ಹಿಗ್ಗಿಸಿ ನೋಡಿ. ಮೂರು ಕಿರಣಗಳಲ್ಲಿ ನಡುವಿನದು ಉಳಿದೆರಡರ ಸರಿಮಧ್ಯಕ್ಕೆ ಬಂದಾಗ ಫೋಕಸ್ ಸರಿ. ಅದಕ್ಕೆ ಮೊದಲು ಟೆಲಿಸ್ಕೋಪು ಹೊರಗಿನ ಚಳಿಗೆ ಒಂದು ತಾಸಾದರೂ ಹೊಂದಿಕೊಂಡಿರಬೇಕು, ಇಲ್ಲದಿದ್ದರೆ ಬೆಚ್ಚಗಿನ ಕನ್ನಡಿಯಿಂದೇಳುವ ಗಾಳಿಯೇ ಚಿತ್ರ ಕದಡುತ್ತದೆ. ನಿಮ್ಮ ಕನ್ನಡಿ ಕೊಳವೆಯ ತಳದಲ್ಲಿರುವುದರಿಂದ ಇಬ್ಬನಿ ಬೇಗ ತಟ್ಟದು. ಬಾಯಿಯ ಹತ್ತಿರದ ಸಣ್ಣ ಕನ್ನಡಿಗೆ ಮಾತ್ರ ಅಪಾಯ. ಕಪ್ಪು ಹಾಳೆ ಸುತ್ತಿ ಕೊಳವೆಯನ್ನು ಒಂದಡಿ ಉದ್ದ ಮಾಡಿ. ಶಟರ್ ಒತ್ತಲು ರಿಮೋಟ್ ಬಳಸಿ. ನಡುರಾತ್ರಿಯಲ್ಲಿ ಕರೆಂಟು ಹೋದರೆ ಬೈಯಬೇಡಿ, ಸುತ್ತಲಿನ ಮನೆಗಳ ದೀಪ ಆರುವುದು ನಮಗೆ ಬಂದ ಭಾಗ್ಯ. ಮೋಟಾರಿಗೆ ಬ್ಯಾಟರಿ ಇಟ್ಟುಕೊಂಡಿದ್ದರಾಯಿತು.

ಕೆಲಸ ಮುಗಿದ ಮೇಲೆ ಕೊಳವೆಯ ಬಾಯಿ ಮುಚ್ಚಿ, ಅದೇ ಐಎಸ್‌ಒ, ಅದೇ ಎಕ್ಸ್‌ಪೋಷರಿನಲ್ಲಿ ಇಪ್ಪತ್ತು ಮೂವತ್ತು ಕತ್ತಲೆ ಫೋಟೊ ತೆಗೆಯಿರಿ. ಬೆಳಗಾಗುತ್ತಲೇ ಬಾಯಿಗೆ ಬಿಳಿ ಪಂಚೆಯ ಒಂದು ಮಡಿಕೆ ಬಿಗಿದು, ಸೂರ್ಯನಿಲ್ಲದ ಕಡೆಯ ಆಕಾಶಕ್ಕೆ ಹಿಡಿದು ಅಷ್ಟೇ ಸಂಖ್ಯೆಯ ಬೆಳಕಿನ ಫೋಟೊ. ಧೂಳಿನ ಕಲೆ, ಮೂಲೆಯ ಕತ್ತಲು ಇವನ್ನು ಕಳೆಯಲು ಅದು ಬೇಕು. ಇವೆಲ್ಲವನ್ನೂ ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್ ಎಂಬ ತಂತ್ರಾಂಶಕ್ಕೆ ಕೊಟ್ಟರೆ ಸೇರಿಸಿ ಒಂದು ಚಿತ್ರ ಮಾಡಿಕೊಡುತ್ತವೆ. ಎರಡೂ ಉಚಿತ.

ಸೇರಿಸಿದ ಚಿತ್ರ ಮೊದಲಿಗೆ ಕಪ್ಪಾಗಿ ಕಾಣುತ್ತದೆ. ಅದನ್ನು ಬೆಳಗಿಸುವಾಗಲೇ ಮತ್ತೆ ಬಿಳಿ ಮುದ್ದೆ ಹುಟ್ಟುವ ಅಪಾಯ. ಸಾಮಾನ್ಯ ಬ್ರೈಟ್‌ನೆಸ್ ಎಳೆದರೆ ನಡುಭಾಗ ಸುಡುತ್ತದೆ. ಸಿರಿಲ್‌ನಲ್ಲಿ ಆರ್ಕ್‌ಸೈನ್ ಹೈಪರ್ಬಾಲಿಕ್ ಎಂಬ ಬಗೆಯ ಹಿಗ್ಗಿಸುವಿಕೆ ಇದೆ. ಅದು ಮಸುಕನ್ನು ಎತ್ತುತ್ತದೆ, ಬೆಳಗುವುದನ್ನು ತಡೆಹಿಡಿಯುತ್ತದೆ, ಬಣ್ಣವನ್ನೂ ಉಳಿಸುತ್ತದೆ. ಇನ್ನೊಂದು ಮಾತು: 28 ಡಿಗ್ರಿ ಎತ್ತರದ ನಕ್ಷತ್ರದ ಬೆಳಕು ನೆತ್ತಿಯ ನಕ್ಷತ್ರಕ್ಕಿಂತ ಎರಡು ಪಟ್ಟು ಗಾಳಿ ದಾಟಿ ಬರುತ್ತದೆ. ಆ ಗಾಳಿ ಪಟ್ಟಕದ ಕೆಲಸವನ್ನೂ ಮಾಡಿ ಪ್ರತಿ ನಕ್ಷತ್ರದ ಮೇಲಂಚಿಗೆ ನೀಲಿ, ಕೆಳಂಚಿಗೆ ಕೆಂಪು ಹಚ್ಚುತ್ತದೆ. ಕ್ಯಾಮೆರಾ ಕೆಟ್ಟಿದೆಯೆಂದು ಗಾಬರಿಯಾಗಬೇಡಿ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರ್ಪಡಿಸಿ, ಒಂದರ ಮೇಲೊಂದು ಸರಿಯಾಗಿ ಕೂರಿಸಿ ಮತ್ತೆ ಸೇರಿಸಿದರೆ ಹೋಗುತ್ತದೆ.

ಆಗ ಕಾಣುವುದನ್ನು ನಿಧಾನವಾಗಿ ನೋಡಿ. ಕಪ್ಪು ಕಂಬಳಿಯ ಮೇಲೆ ಚೆಲ್ಲಿದ ಅಕ್ಕಿನುಚ್ಚಿನ ಹಾಗಿದ್ದರೂ ಎಲ್ಲ ಕಾಳೂ ಒಂದೇ ಬಣ್ಣದ್ದಲ್ಲ. ಕಿತ್ತಳೆ ಛಾಯೆಯವು ಇಂಧನ ತೀರುತ್ತ ಬಂದು ಉಬ್ಬಿದ ಕೆಂಪು ದೈತ್ಯಗಳು. ನಡುನಡುವೆ ಇರುವ ನೀಲಿ ಚುಕ್ಕಿಗಳು ಆ ಘಟ್ಟವನ್ನೂ ದಾಟಿ ಹೀಲಿಯಂ ಉರಿಸುತ್ತಿರುವ ಮುದಿ ನಕ್ಷತ್ರಗಳು. ಸುಮಾರು ಒಂದು ಕೋಟಿ ನಕ್ಷತ್ರಗಳು, ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ. ಆಕಾಶದಲ್ಲಿ ಅದರ ಹರವು ಹುಣ್ಣಿಮೆಯ ಚಂದ್ರನಿಗಿಂತ ತುಸು ದೊಡ್ಡದು. ನಮ್ಮ ಕ್ಷೀರಪಥ ಬಹು ಹಿಂದೆ ನುಂಗಿದ ಯಾವುದೋ ಪುಟ್ಟ ಗೆಲಾಕ್ಸಿಯ ಉಳಿದ ತಿರುಳೇ ಇದಿರಬೇಕೆಂಬ ಬಲವಾದ ಗುಮಾನಿ ಖಗೋಳ ವಿಜ್ಞಾನಿಗಳಿಗಿದೆ. 2024ರಲ್ಲಿ ಹಬಲ್ ಟೆಲಿಸ್ಕೋಪಿನ ಎರಡು ದಶಕಗಳ ಚಿತ್ರಗಳನ್ನು ಹೋಲಿಸಿದವರು ನಡುಭಾಗದಲ್ಲಿ ಏಳು ನಕ್ಷತ್ರಗಳು ಮಿತಿಮೀರಿದ ವೇಗದಲ್ಲಿ ಓಡುತ್ತಿರುವುದನ್ನು ಕಂಡರು. ಅವುಗಳನ್ನು ಹಿಡಿದಿಡಲು ಕನಿಷ್ಠ 8,200 ಸೂರ್ಯರಷ್ಟು ತೂಕದ ಕಪ್ಪುಕುಳಿ ಬೇಕು ಎಂಬುದು ಅವರ ಲೆಕ್ಕ.

ನಡುಭಾಗದ ದಟ್ಟಣೆ ವೃತ್ತಿಪರರನ್ನೂ ಕಾಡುತ್ತದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮುಂದಾಳತ್ವದಲ್ಲಿ ಸಿದ್ಧವಾದ, ಅದರ ಹೊಸಕೋಟೆ ಆವರಣದಲ್ಲಿ ಜೋಡಿಸಿದ ಯುವಿಐಟಿ ಎಂಬ ಅವಳಿ ಟೆಲಿಸ್ಕೋಪುಗಳಿವೆ. ಕನ್ನಡಿಯ ವ್ಯಾಸ ಸುಮಾರು 37.5 ಸೆಂ.ಮೀ., ಅಂದರೆ ನಿಮ್ಮದರ ಎರಡೂವರೆ ಪಟ್ಟು ಅಷ್ಟೆ. ಒಮೇಗಾ ಸೆಂಟಾರಿಯೂ ಸೇರಿದಂತೆ ಹಲವು ಗೋಳಗುಚ್ಛಗಳನ್ನು ಅದು ಅತಿನೇರಳೆ ಬೆಳಕಿನಲ್ಲಿ ನೋಡಿದೆ. ಆ ಬೆಳಕಿನಲ್ಲಿ ತಣ್ಣಗಿನ ಕೆಂಪು ದೈತ್ಯಗಳು ಮಂಕಾಗುತ್ತವೆ, ಬಿಸಿ ನಕ್ಷತ್ರಗಳಷ್ಟೇ ಉಳಿಯುತ್ತವೆ, ದಟ್ಟಣೆ ತನ್ನಷ್ಟಕ್ಕೆ ಬಿಡಿಸಿಕೊಳ್ಳುತ್ತದೆ. ನಿಮಗೆ ಅತಿನೇರಳೆ ಸಿಗುವುದಿಲ್ಲ, ವಾತಾವರಣ ಬಿಡುವುದಿಲ್ಲ. ಆದರೂ ನಿಮ್ಮ ಚಿತ್ರದ ಕೆಂಪು ಚಾನೆಲನ್ನೂ ನೀಲಿ ಚಾನೆಲನ್ನೂ ಅಕ್ಕಪಕ್ಕ ಇಟ್ಟು ನೋಡಿ, ಅದೇ ವಿದ್ಯೆಯ ಮೊದಲ ಪಾಠ ಅಲ್ಲಿದೆ. ಒಂದು ವಿಷಯದಲ್ಲಿ ನೀವೇ ಮುಂದೆ: ಯುವಿಐಟಿಯ ನೋಟದ ಅಗಲ 28 ಆರ್ಕ್‌ಮಿನಿಟ್ (ಅರ್ಧ ಡಿಗ್ರಿಗೂ ತುಸು ಕಡಿಮೆ), ಒಮೇಗಾ ಸೆಂಟಾರಿ ಅದಕ್ಕಿಂತ ದೊಡ್ಡದು. ನಿಮ್ಮ ಕ್ಯಾಮೆರಾಕ್ಕೆ ಒಂದೂಮುಕ್ಕಾಲು ಡಿಗ್ರಿ ಅಗಲ ಸಿಗುತ್ತದೆ, ಇಡೀ ಗುಚ್ಛ ಆರಾಮವಾಗಿ ಹಿಡಿಯುತ್ತದೆ.

ಮೋಟಾರಿಲ್ಲದ ಟೆಲಿಸ್ಕೋಪು ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು. ಆಕಾಶ ಸಮಭಾಜಕದ ನಕ್ಷತ್ರ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಓಡಿದರೆ, ಅಷ್ಟು ದಕ್ಷಿಣದಲ್ಲಿರುವ ಒಮೇಗಾ ಸೆಂಟಾರಿ ಓಡುವುದು ಹತ್ತು ಮಾತ್ರ. ಐಎಸ್‌ಒ 3200ರಲ್ಲಿ ಕಾಲು ಸೆಕೆಂಡಿನ ಫೋಟೊಗಳನ್ನು ನೂರಾರು ತೆಗೆದು ಸೇರಿಸಿದರೆ ದೊಡ್ಡ ನಕ್ಷತ್ರಗಳು ಚುಕ್ಕಿಗಳಾಗಿಯೇ ಬರುತ್ತವೆ. ಟೆಲಿಸ್ಕೋಪೇ ಇಲ್ಲದಿದ್ದರೆ 200 ಮಿ.ಮೀ. ಲೆನ್ಸು, ಸ್ಟ್ಯಾಂಡು, ಒಂದು ಸೆಕೆಂಡು. ಅದರಲ್ಲಿ ನಾಲ್ಕೂವರೆ ಡಿಗ್ರಿ ಉತ್ತರಕ್ಕಿರುವ ಸೆಂಟಾರಸ್ ಎ ಗೆಲಾಕ್ಸಿಯನ್ನೂ ಅದೇ ಚೌಕಟ್ಟಿಗೆ ತರಬಹುದು.

ಮಳೆಗಾಲದಲ್ಲಿ ಟೆಲಿಸ್ಕೋಪನ್ನು ಮೆತ್ತಿನ ಮೇಲೆ ಬಟ್ಟೆ ಸುತ್ತಿ ಇಡಬೇಡಿ. ಜೂನ್ ಕಳೆಯುವಷ್ಟರಲ್ಲಿ ಐಪೀಸಿಗೂ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಅದನ್ನು ಬಿಸಿ ಮಾಡಿ ಒಣಗಿಸುವುದು, ಇಷ್ಟು ಮಾಡಿ. ಮಳೆ ಕಳೆದ ಮೇಲೆ ಶಿವರಾತ್ರಿಯವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ ಪೆಗಾಸಸ್ ಪುಂಜದ ಎಂ15 ಎಂಬ ಗೋಳಗುಚ್ಛ ಸಂಜೆ ಏಳರ ಸುಮಾರಿಗೆ ಜೋಗದ ನೆತ್ತಿಯ ಮೇಲೇ ಇರುತ್ತದೆ. ಗಾಳಿ ಅಲ್ಲಿ ಅತಿ ತೆಳು, ಅಡಕೆ ಮರದ ತಂಟೆಯಿಲ್ಲ, ಅಂಗಳದಿಂದಲೇ ಆಗುತ್ತದೆ. ಚಿಕ್ಕದು, ಆದರೆ ಅದರ ನಡುಭಾಗ ಒಮೇಗಾ ಸೆಂಟಾರಿಗಿಂತಲೂ ಒತ್ತು. ಐದು, ಹತ್ತು, ಇಪ್ಪತ್ತು ಸೆಕೆಂಡಿನ ಫೋಟೊಗಳನ್ನು ತೆಗೆದು ಹೋಲಿಸಿ, ನಿಮ್ಮ ಕ್ಯಾಮೆರಾದಲ್ಲಿ ನಡುಭಾಗ ಎಷ್ಟನೇ ಸೆಕೆಂಡಿಗೆ ಬಿಳಿಯಾಗುತ್ತದೆಂದು ಬರೆದಿಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಬ್ಯಾಣಕ್ಕೆ ಟೆಲಿಸ್ಕೋಪು ಹೊರುವಾಗ ಆ ಅಂಕಿ ಕೈಯಲ್ಲಿರಲಿ.